ಗಂಟೆ ಕೇಳಿಸಿದರೆ ಹಾರಬೇಡಿ

ಊರು ಬಿಟ್ಟು ವಿದೇಶಕ್ಕೆ ಬಂದ ಎರಡನೆಯ ವಾರ. ನದಿಯ ಪಕ್ಕದಲ್ಲಿ, ನಡೆಯುವವರೂ ಸೈಕಲ್‌ನವರೂ ಹಂಚಿಕೊಳ್ಳುವ ದಾರಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ 'ಆನ್ ಯುವರ್ ಲೆಫ್ಟ್' ಎಂದರು. 'ಲೆಫ್ಟ್' ಎಂಬುದೊಂದೇ ಕಿವಿಗೆ ಬಿತ್ತು. ಎಡಕ್ಕೆ ಸರಿಯಲು ಹೇಳುತ್ತಿದ್ದಾರೆ ಎಂದುಕೊಂಡು ಎಡಕ್ಕೇ ಹಾರಿದೆ. ಬ್ರೇಕ್ ಕಿರುಚಿತು, ಸೈಕಲ್ ಹುಲ್ಲಿಗೆ ಇಳಿಯಿತು, ಅದರ ಮೇಲಿದ್ದವರು ಹೇಗೋ ಬೀಳದೆ ಉಳಿದರು. ಅವರು ಹೇಳಿದ್ದು 'ನಿಮ್ಮ ಎಡಬದಿಯಿಂದ ನಾನು ಮುಂದೆ ಹೋಗುತ್ತೇನೆ' ಎಂದು. ನಾನು ನನ್ನ ಪಾಡಿಗೆ ನಡೆದಿದ್ದರೆ ಏನೂ ಆಗುತ್ತಿರಲಿಲ್ಲ.

ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಾರ್ನ್ ಎಂದರೆ 'ದಾರಿ ಬಿಡು' ಎಂದೇ ಪಳಗಿದ ಕಿವಿ ನಮ್ಮದು. ಇಲ್ಲಿ ಸೈಕಲ್ ಗಂಟೆಗೆ ಇರುವ ಅರ್ಥ ಬೇರೆ: 'ನಾನು ಬರುತ್ತಿದ್ದೇನೆ, ನೀವು ಇರುವಂತೆಯೇ ಇರಿ.' ಅದು ಗದರಿಕೆಯಲ್ಲ, ಕೋಪ ಮಾಡಿಕೊಳ್ಳಬೇಕಿಲ್ಲ. ಗಂಟೆಗೆ 25 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಅಷ್ಟರಲ್ಲಿ ನಾವು ಇಡುವುದು ಎರಡು ಹೆಜ್ಜೆ. ಎಲ್ಲಿಂದ ದಾಟಬೇಕೆಂದು ಅವರು ಆಗಲೇ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕವನ್ನು ಕೆಡಿಸುವುದು ನಮ್ಮ ಗಾಬರಿಯೇ. ಪಕ್ಕಕ್ಕೆ ಸರಿಯಲೇಬೇಕಾದರೆ, ಮೊದಲು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ.

ಯಾವ ಬದಿಯಲ್ಲಿ ನಡೆಯಬೇಕು? ರಸ್ತೆಯ ಪದ್ಧತಿಯೇ ಸಾಮಾನ್ಯವಾಗಿ ದಾರಿಗೂ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಎಡಕ್ಕೆ. ಅಮೆರಿಕ, ಕೆನಡಾ, ಜರ್ಮನಿಯಲ್ಲಿ ಬಲಕ್ಕೆ. ಅಂಚಿಗೆ ಹತ್ತಿರವಿದ್ದರೆ ಸಾಕು.

ಅದಕ್ಕಿಂತ ಹೆಚ್ಚಾಗಿ ಎಡವಟ್ಟಾಗುವುದು ನಾವು ನಡೆಯುತ್ತಿರುವುದು ಯಾರ ದಾರಿ ಎಂದು ತಿಳಿಯದಿದ್ದಾಗ. ಬ್ರಿಟನ್ನಿನಲ್ಲೂ ಜರ್ಮನಿಯಲ್ಲೂ ದುಂಡನೆಯ ನೀಲಿ ಫಲಕವನ್ನು ಗಮನಿಸಿ. ನಡೆಯುವವರ ಚಿತ್ರಕ್ಕೂ ಸೈಕಲ್ ಚಿತ್ರಕ್ಕೂ ನಡುವೆ ಮೇಲಿಂದ ಕೆಳಗೆ ಗೆರೆ ಎಳೆದಿದ್ದರೆ ದಾರಿ ಎರಡು ಪಾಲಾಗಿದೆ ಎಂದರ್ಥ. ಅಂಥ ಗೆರೆ ಇಲ್ಲದಿದ್ದರೆ ಇಡೀ ದಾರಿ ಇಬ್ಬರದೂ. ನೆದರ್ಲೆಂಡ್ಸ್‌ನಲ್ಲಿ ನುಣುಪಾದ ಕೆಂಪು ಡಾಂಬರು ಕಂಡರೆ ಅದು ಸಾಮಾನ್ಯವಾಗಿ ಸೈಕಲ್‌ಗಳದು. ಸೂಟ್‌ಕೇಸ್ ಎಳೆಯಲು ಬಹಳ ಚೆನ್ನಾಗಿರುತ್ತದೆ, ನಿಜ. ಎಳೆಯಬೇಡಿ. ಬಸ್ಸಿನಿಂದ ಇಳಿಯುವಾಗಲೂ ಎಚ್ಚರ: ಕೆಲವು ಕಡೆ ನಿಲ್ದಾಣಕ್ಕೂ ಪಾದಚಾರಿ ದಾರಿಗೂ ನಡುವೆ ಸೈಕಲ್ ಪಟ್ಟಿ ಹಾದು ಹೋಗಿರುತ್ತದೆ.

ಇನ್ನು ನಮ್ಮವರ ವಾರಾಂತ್ಯದ ನಡಿಗೆ. ಎರಡು ಕುಟುಂಬ, ಒಂದು ಮಗುವಿನ ಗಾಡಿ, ಮಾತು ಕಾವೇರಿದಂತೆ ಎಲ್ಲರೂ ಅಡ್ಡಡ್ಡ ಹರಡಿಕೊಂಡು ದಾರಿ ತುಂಬಿಬಿಡುತ್ತೇವೆ. ಮುಖ್ಯವಾದ ಮಾತು ಬಂದ ಕೂಡಲೇ ನಡುದಾರಿಯಲ್ಲೇ ನಿಂತುಬಿಡುತ್ತೇವೆ; ಇದು ಮಾತ್ರ ನನಗೂ ಇನ್ನೂ ಬಿಟ್ಟಿಲ್ಲ. ಇಬ್ಬಿಬ್ಬರಾಗಿ ನಡೆಯಿರಿ. ನಿಲ್ಲಬೇಕಾದರೆ, ಫೋನ್ ನೋಡಬೇಕಾದರೆ, ಹುಲ್ಲಿಗೆ ಇಳಿದು ನಿಲ್ಲಿ. ಸೈಕಲ್ ಬಂದಾಗ ಅರ್ಧ ಗುಂಪು ಎಡಕ್ಕೆ, ಅರ್ಧ ಗುಂಪು ಬಲಕ್ಕೆ ಚದುರಿ, ನಡುವೆ ಮಗು ಒಂದೇ ಉಳಿಯುವ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಒಂದೇ ಬದಿಗೆ ಎಂದು ಹೊರಡುವಾಗಲೇ ಮಾತಾಡಿಕೊಳ್ಳಿ.

ಪುಟ್ಟ ಸೈಕಲ್ ಮೇಲಿರುವ ಮಗುವನ್ನು ಹಿಂದಿನಿಂದ ಹೆಸರು ಹಿಡಿದು ಕೂಗಬೇಡಿ. ಮಗು ತಿರುಗಿ ನೋಡುತ್ತದೆ, ತಲೆಯ ಜೊತೆ ಹ್ಯಾಂಡಲ್ ಕೂಡ ತಿರುಗುತ್ತದೆ. ಮಗುವನ್ನು ಅಂಚಿನ ಕಡೆ ಬಿಟ್ಟು, ಸಂಚಾರದ ಕಡೆ ನೀವು ಇರಿ. ನಾಯಿ ಇದ್ದವರು ಹಗ್ಗವನ್ನು ಗಿಡ್ಡ ಮಾಡಿ ಹಿಡಿಯಿರಿ. ಅಡ್ಡಲಾಗಿ ಚಾಚಿದ ತೆಳು ಹಗ್ಗ ಸೈಕಲ್ ಮೇಲಿನವರ ಕಣ್ಣಿಗೆ ಬೀಳುವುದಿಲ್ಲ.

ಇಯರ್‌ಫೋನ್ ಹಾಕಿಕೊಂಡೇ ನಡೆಯುವವರು ಒಂದು ಕಿವಿಯನ್ನಾದರೂ ಬಿಟ್ಟುಕೊಡಿ. ಇ-ಬೈಕ್‌ಗಳು, ಅಂದರೆ ಬ್ಯಾಟರಿ ಮೋಟಾರಿನ ನೆರವಿರುವ ಸೈಕಲ್‌ಗಳು, ಬರುವ ಸದ್ದೇ ಆಗುವುದಿಲ್ಲ. ಯುರೋಪಿನ ಸಾಮಾನ್ಯ ಇ-ಬೈಕ್‌ನಲ್ಲಿ ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ಗೆ ನಿಲ್ಲುತ್ತದೆ, ಅಮೆರಿಕದಲ್ಲಿ ಸುಮಾರು 45 ಕಿ.ಮೀ. ವರೆಗೆ ನೆರವು ಕೊಡುವ ಬಗೆಯೂ ಇದೆ.

ಸ್ವಲ್ಪ ದಿನಕ್ಕೆ ನೀವೇ ಸೈಕಲ್ ಕೊಳ್ಳುತ್ತೀರಿ, ಆಗ ನಡೆಯುವವರ ಮೇಲೆ ಸಿಟ್ಟು ಶುರುವಾಗುತ್ತದೆ. ಗಂಟೆಯನ್ನು ಬೆನ್ನ ಹಿಂದೆ ಬಂದು ಬಾರಿಸಬೇಡಿ, ಮೂವತ್ತು ಮೀಟರ್ ದೂರದಿಂದಲೇ ಒಮ್ಮೆ ಬಾರಿಸಿ. ನಾಲ್ಕೈದು ಸೆಕೆಂಡು ಅವರಿಗೆ ಸಿಗುತ್ತದೆ. ಅವರು ಅಲುಗಾಡದಿದ್ದರೆ ಕೇಳಿಸಿಲ್ಲ ಎಂದೇ ತಿಳಿಯಿರಿ, ಕಿವಿ ಕೇಳದವರಿರಬಹುದು. ನಿಧಾನಿಸಿ, ನಡೆಯುವವರಷ್ಟೇ ನಿಧಾನ, ಬೇಕಾದರೆ ಇಳಿದು ತಳ್ಳಿ. ಬಿಳಿ ಕೋಲು ಹಿಡಿದವರ ಹತ್ತಿರ ಬಾಯಿಬಿಟ್ಟು ಹೇಳಿ ದಾಟುವುದೇ ಸರಿ. ಸೇತುವೆಯ ಕೆಳಗಿನ ತಿರುವುಗಳಲ್ಲಿ, ಎಲೆ ಬಿದ್ದು ಒದ್ದೆಯಾದ ಕಡೆ, ಅವಸರ ಬೇಡವೇ ಬೇಡ.

ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ದೇಶಗಳಿವೆ, ನಾವು ಕೊಳ್ಳುವ ಕೋಟೋ ಕಪ್ಪು ಬಣ್ಣದ್ದೇ. ತೋಳಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಕಟ್ಟಿಕೊಳ್ಳಿ. ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ. ಮುಂದಿನದನ್ನು ನೆಲದ ಕಡೆ ಬಗ್ಗಿಸಿ, ಎದುರಿನವರ ಕಣ್ಣಿಗೆ ಹೊಡೆಯುವಂತೆ ಇಡಬೇಡಿ.

ಅಮ್ಮ ಮೊದಲ ಸಲ ಬಂದಾಗ ಗಂಟೆ ಕೇಳಿಸಿದರೆ ಸಾಕು, ನನ್ನ ಮೊಣಕೈ ಹಿಡಿದು ಹುಲ್ಲಿಗೆ ಎಳೆಯುತ್ತಿದ್ದಳು. ಈ ಸಲ ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಎಡಗೈಯಲ್ಲಿದ್ದ ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡಳು. ಸೈಕಲ್ ದಾಟಿ ಹೋಯಿತು.