ಮೊದಲ ಕಾದಂಬರಿ ಎಷ್ಟು ಪುಟ ಇರಬೇಕು? ಪ್ರಕಾಶಕರಿಗೆ ಕೊಡುವ ಮುನ್ನ ಹೀಗೆ ಅಳೆಯಿರಿ, ಹೀಗೆ ಇಳಿಸಿ

ಕಾದಂಬರಿ ಬರೆದು ಮುಗಿಸಿದವರು ಮೊದಲು ಕೇಳುವುದು ‘ಯಾವ ಪ್ರಕಾಶಕರಿಗೆ ಕೊಡಲಿ?’ ಎಂದು. ಅಚ್ಚಾದರೆ ಇದು ಎಷ್ಟು ಪುಟ ಆಗುತ್ತದೆ ಎಂದು ಕೇಳುವವರು ಕಡಿಮೆ. ಪ್ರಕಾಶಕರು ಕಟ್ಟು ಕೈಗೆ ಬಂದ ಕೂಡಲೇ ಅಂದಾಜು ಮಾಡುವುದು ಮಾತ್ರ ಇದನ್ನೇ. ಹೊಸ ಹೆಸರು, 500 ಪುಟ ಎಂದರೆ ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ ಬೆಲೆ ಏರುತ್ತದೆ. ಗೊತ್ತಿಲ್ಲದ ಲೇಖಕರ ದಪ್ಪ ಪುಸ್ತಕಕ್ಕೆ ಓದುಗ ಅಷ್ಟು ದುಡ್ಡು ಕೊಡುತ್ತಾನೆಯೇ ಎಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ. ಕಥೆ ಹೇಗಿದೆ ಎಂದು ನೋಡುವ ಮೊದಲೇ ಕಟ್ಟು ಪಕ್ಕಕ್ಕೆ ಸರಿಯುವುದು ಹೀಗೆ.

ಮೊದಲು ಎಣಿಸಿ

ನಮ್ಮಲ್ಲಿ ಬಹುತೇಕ ಪ್ರಕಾಶಕರು ಇಷ್ಟೇ ಪದ ಇರಬೇಕು ಎಂದು ಬರೆದು ಹಾಕುವುದಿಲ್ಲ. ಹಾಗಾಗಿ ಹೊಸಬರು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ 80 ಸಾವಿರದಿಂದ 1 ಲಕ್ಷ ಪದ ಎಂಬ ಲೆಕ್ಕ ಇಂಗ್ಲಿಷ್ ಕಾದಂಬರಿಗಳದ್ದು. ಕನ್ನಡಕ್ಕೆ ಅದು ಹೊಂದುವುದಿಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ, ಸಹಾಯಕ ಕ್ರಿಯಾಪದಗಳೂ ಎಷ್ಟೋ ಸಲ ಜೊತೆಗೇ ಸೇರುತ್ತವೆ. ಅದೇ ಸಂಗತಿ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ, ಆದರೆ ಒಂದೊಂದು ಪದವೂ ಉದ್ದ.

ಕಂಪ್ಯೂಟರಿನಲ್ಲಿ ಬರೆದಿದ್ದರೆ ವರ್ಡ್ ಅಥವಾ ಗೂಗಲ್ ಡಾಕ್ಸ್ ಪದಗಳ ಸಂಖ್ಯೆ ತೋರಿಸುತ್ತದೆ. ಅದು ಎಣಿಸುವುದು ಪದಗಳ ನಡುವಿನ ಖಾಲಿ ಜಾಗವನ್ನು ನೋಡಿ. ‘ಹೋಗಬೇಕಾಗಿತ್ತು’ ಎಂದು ಕೂಡಿಸಿ ಬರೆಯುವವರಿಗೂ ‘ಹೋಗ ಬೇಕಾಗಿತ್ತು’ ಎಂದು ಬಿಡಿಸುವವರಿಗೂ ಲೆಕ್ಕ ಬೇರೆ ಬರುತ್ತದೆ. ಇಡೀ ಪ್ರತಿಯಲ್ಲಿ ಒಂದೇ ಪದ್ಧತಿ ಇರಲಿ. ಅಕ್ಷರಗಳ ಸಂಖ್ಯೆಯನ್ನಂತೂ ನಂಬಬೇಡಿ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಅಲ್ಲಿ 6 ಆಗುತ್ತದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದಿದ್ದರೆ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಒಡೆದಿಲ್ಲವೆಂದು ಕಣ್ಣಾಡಿಸಿ, ಆಮೇಲೆ ಎಣಿಸಿ.

ಉದ್ದ ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆದು ಡಿಟಿಪಿಗೆ ಕೊಡುವವರು ನಮ್ಮ ಕಲ್ಯಾಣ ಕರ್ನಾಟಕದ ಕಡೆ ಇನ್ನೂ ಇದ್ದಾರೆ. ಅವರು ಆರಂಭ, ನಡು, ಕೊನೆಯಿಂದ ನಾಲ್ಕೈದು ಪುಟ ಆರಿಸಿ, ಪದ ಎಣಿಸಿ, ಸರಾಸರಿಯನ್ನು ಒಟ್ಟು ಪುಟಗಳಿಂದ ಗುಣಿಸಿದರೆ ಸಾಕು. ಟೈಪ್ ಮಾಡಿಸಿದ ಮೇಲೆ ಕತ್ತರಿಸುವುದಕ್ಕಿಂತ ಮೊದಲೇ ಕತ್ತರಿಸುವುದು ಜೇಬಿಗೆ ಒಳ್ಳೆಯದು. ಡಿಟಿಪಿಯವರು ದುಡ್ಡು ತೆಗೆದುಕೊಳ್ಳುವುದು ಪುಟದ ಲೆಕ್ಕದಲ್ಲಿ.

ಪದವನ್ನು ಪುಟಕ್ಕೆ, ಪುಟವನ್ನು ಫಾರಂಗೆ

ಕನ್ನಡ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 (ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ) ಆಕಾರದಲ್ಲಿ ಬರುತ್ತವೆ. ಸಾಮಾನ್ಯ ಅಕ್ಷರ ಗಾತ್ರದಲ್ಲಿ ಪುಟಕ್ಕೆ 200ರಿಂದ 240 ಪದ ಹಿಡಿಯುತ್ತದೆ. ನಾವು 220 ಎಂದಿಟ್ಟುಕೊಳ್ಳೋಣ. 1,10,000 ಪದದ ಕಾದಂಬರಿ 500 ಪುಟ. ಶೀರ್ಷಿಕೆ, ಅರ್ಪಣೆ, ಲೇಖಕರ ಮಾತು ಇತ್ಯಾದಿಗೆ ಇನ್ನೊಂದು 8 ಪುಟ.

ಪುಸ್ತಕ ಅಚ್ಚಾಗುವುದು ಬಿಡಿ ಪುಟಗಳಲ್ಲಿ ಅಲ್ಲ, ಫಾರಂಗಳಲ್ಲಿ. ಒಂದು ಫಾರಂ ಎಂದರೆ 16 ಪುಟ. 45,000 ಪದದ ಪ್ರತಿ 205 ಪುಟ, ಶೀರ್ಷಿಕೆ ಇತ್ಯಾದಿಯ 8 ಪುಟವೂ ಸೇರಿ 213. 13 ಫಾರಂಗೆ 208 ಪುಟ ಮಾತ್ರ. ಉಳಿದ 5 ಪುಟಕ್ಕಾಗಿ 14ನೇ ಫಾರಂ ಏರಬೇಕು, ಅದರಲ್ಲಿ 11 ಪುಟ ಖಾಲಿ. ಆ ಐದು ಪುಟ ಇಳಿಸಿಕೊಟ್ಟ ಲೇಖಕರನ್ನು ಪ್ರಕಾಶಕರು ಮರೆಯುವುದಿಲ್ಲ.

ನನ್ನನ್ನು ಕೇಳಿದರೆ ಮೊದಲ ಕಾದಂಬರಿಗೆ 45ರಿಂದ 65 ಸಾವಿರ ಪದ, ಅಂದರೆ 200ರಿಂದ 300 ಪುಟ, ಆರಾಮದ ಅಳತೆ. ಇದು ಕಾನೂನಲ್ಲ. 400 ಪುಟವೂ ಬೇಕೆನಿಸುವ ಕಥೆಗಳಿವೆ. ಆದರೆ ನಿಮ್ಮದು ಅಂಥದ್ದೇ ಎಂದು ನಿರ್ಧರಿಸುವ ಮೊದಲು ಮುಂದಿನ ಕೆಲಸ ಮಾಡಿ ನೋಡಿ.

ಅಧ್ಯಾಯಗಳ ಪಟ್ಟಿ

ಕತ್ತರಿ ಹಿಡಿಯುವ ಮುನ್ನ ಹಸ್ತಪ್ರತಿಯನ್ನು ಕೆಲವು ವಾರ ಮುಟ್ಟಬೇಡಿ. ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಅಧ್ಯಾಯಕ್ಕೆ ಒಂದೊಂದು ಸಾಲು ಬರೆಯಿರಿ: ಇಲ್ಲಿ ಯಾರಿಗೆ ಏನು ಬೇಕಾಗಿದೆ, ಅಧ್ಯಾಯ ಮುಗಿದಾಗ ಏನು ಬದಲಾಗಿದೆ, ಎಷ್ಟು ಪುಟ. ‘ಏನು ಬದಲಾಗಿದೆ’ ಎಂಬಲ್ಲಿ ಬರೆಯಲು ಏನೂ ಸಿಗದ ಅಧ್ಯಾಯಕ್ಕೆ ಕೆಂಪು ಗುರುತು ಹಾಕಿ. ಒಂದೇ ಕೆಲಸ ಮಾಡುವ ಇಬ್ಬರು ಪಾತ್ರಧಾರಿಗಳೂ ಇಲ್ಲೇ ಸಿಕ್ಕಿಬೀಳುತ್ತಾರೆ. ಬುದ್ಧಿ ಹೇಳುವ ಮಾಸ್ತರು ಒಬ್ಬರು, ಬುದ್ಧಿ ಹೇಳುವ ಸೋದರಮಾವ ಇನ್ನೊಬ್ಬರು. ಮಾವನನ್ನು ಮಾಸ್ತರನ್ನಾಗಿ ಮಾಡಿದರೆ ಹತ್ತಾರು ಪುಟ ತಾನಾಗಿಯೇ ಇಳಿಯುತ್ತದೆ.

ಎಲ್ಲ ಒಂದರಲ್ಲೇ ಬೇಡ

ನಮ್ಮ ಭಾಗದ ಮೊದಲ ಕಾದಂಬರಿಗಳು ಉಬ್ಬುವುದಕ್ಕೆ ದೊಡ್ಡ ಕಾರಣ ಒಂದಿದೆ. ನಮ್ಮ ಊರುಗಳ ಬಗ್ಗೆ ಬರೆದದ್ದು ಕಡಿಮೆ, ಸಿಕ್ಕ ಅವಕಾಶದಲ್ಲಿ ಎಲ್ಲ ಹೇಳಿಬಿಡಬೇಕು ಎಂಬ ತವಕ. ಹೀಗಾಗಿ ಒಂದೇ ಕಥೆಯಲ್ಲಿ ಸಂಡೂರಿನ ಗಣಿ ಲಾರಿಗಳ ಕೆಂಪು ದೂಳು, ಬೆಂಗಳೂರಿಗೆ ಗುಳೆ ಹೋದ ಕುಟುಂಬ, ಕೊಪ್ಪಳದ ಗವಿಮಠದ ಜಾತ್ರೆ, 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ತುಂಗಭದ್ರಾ ಡ್ಯಾಮಿನ 19ನೇ ಗೇಟು, ಹಟ್ಟಿಯ ಚಿನ್ನದ ಗಣಿ ಎಲ್ಲವೂ ಬಂದು ಕೂರುತ್ತವೆ. ಈ ತವಕ ನನಗೆ ಅರ್ಥವಾಗುತ್ತದೆ, ಇದರ ಬಗ್ಗೆ ಗೌರವವೂ ಇದೆ. ಆದರೆ ಓದುಗ ಹಿಡಿದುಕೊಂಡು ಹೋಗುವುದು ಒಂದು ಎಳೆಯನ್ನು.

ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಕಥೆ ಎಂದುಕೊಳ್ಳಿ. ಮೇಲಿನವರು ನೀರು ಎಳೆದುಕೊಂಡು ಇವನ ನೆಲ್ಲು ಒಣಗುವುದೇ ಕಥೆ. ಗೇಟು ಕೊಚ್ಚಿಹೋದ ರಾತ್ರಿ ಈ ಕಥೆಗೆ ಬೇಕು. ಗುಳೆ ಕೂಡ ಬೇಕು, ಬೆಳೆ ಹೋದರೆ ಹೊರಡಬೇಕಾಗುತ್ತದೆ. ಅವನು ಮಸ್ಕಿಯ ಸಂತೆಗೆ ಹೋದಾಗ, 1915ರಲ್ಲಿ ಅಲ್ಲಿ ಪತ್ತೆಯಾದ ಅಶೋಕನ ಹೆಸರಿರುವ ಶಾಸನದ ಬಗ್ಗೆ ಮೂರು ಪುಟ ಬೇಡ. ಸಾಲದ ಚಿಂತೆಯಲ್ಲಿ ಎತ್ತು ಮಾರಲು ಹೋದವನು ಶಾಸನ ನೋಡುತ್ತಾ ನಿಲ್ಲುವುದಿಲ್ಲ. ಆ ಮೂರು ಪುಟ ಹರಿದು ಹಾಕಬೇಕಿಲ್ಲ. ‘ಮುಂದಕ್ಕೆ’ ಎಂಬ ಹೆಸರಿನಲ್ಲಿ ಇನ್ನೊಂದು ಫೈಲ್ ತೆರೆದು ಅದರಲ್ಲಿಡಿ. ಕತ್ತರಿಸಲು ಕೈ ಬಾರದವರಿಗೆ ಇದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ. ಎರಡನೇ ಕಾದಂಬರಿಯ ಬಂಡವಾಳವೂ ಅಲ್ಲೇ ಕೂಡುತ್ತದೆ.

ಇನ್ನೊಂದು ಚಟ ವಾರಪತ್ರಿಕೆಗಳ ಧಾರಾವಾಹಿಯಿಂದ ಬಂದದ್ದು. ವಾರ ಬಿಟ್ಟು ಓದುವವರಿಗೆ ಹಿಂದಿನ ಕಥೆ ನೆನಪಿಸುವುದು ಅಲ್ಲಿ ಅಗತ್ಯ. ಪುಸ್ತಕದಲ್ಲಿ ಓದುಗ ಹಿಂದಿನ ಅಧ್ಯಾಯವನ್ನು ಈಗಷ್ಟೇ ಮುಗಿಸಿರುತ್ತಾನೆ. ಪ್ರತಿ ಅಧ್ಯಾಯದ ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಏನೂ ತಪ್ಪಿಹೋಗದಿದ್ದರೆ ಅದನ್ನು ತೆಗೆಯಿರಿ.

ಸಾಲು ಸಾಲಾಗಿ

ಅಧ್ಯಾಯ, ದೃಶ್ಯಗಳ ತೀರ್ಮಾನ ಆದ ಮೇಲೆಯೇ ಸಾಲುಗಳಿಗೆ ಕೈ ಹಾಕಿ. ನಾಳೆ ಎತ್ತಿ ಹಾಕುವ ಅಧ್ಯಾಯದಲ್ಲಿ ಇವತ್ತು ಕಾಮಾ ತಿದ್ದುತ್ತಾ ಕೂರುವುದು ವ್ಯರ್ಥ. ಕೆಳಗಿನದು ನಾನೇ ಬರೆದ ಮಾದರಿ:

“ಬಸಪ್ಪ ಕಾಲುವೆಯ ದಂಡೆಯ ಮೇಲೆ ನಿಂತುಕೊಂಡು ಕಾಲುವೆಯೊಳಗೆ ನೋಡಿದನು. ಕಾಲುವೆಯಲ್ಲಿ ಒಂದು ಹನಿ ನೀರೂ ಇರಲಿಲ್ಲ. ಅವನ ಮನಸ್ಸಿಗೆ ಬಹಳ ದುಃಖವಾಯಿತು. ಈ ವರ್ಷವೂ ನೆಲ್ಲು ಒಣಗಿ ಹೋಗುತ್ತದಲ್ಲಾ ಎಂದು ಅವನು ಮನಸ್ಸಿನಲ್ಲಿಯೇ ಚಿಂತಿಸತೊಡಗಿದನು. ಅಷ್ಟರಲ್ಲಿ ಅಲ್ಲಿಗೆ ಹನುಮಂತ ಬಂದನು. ‘ಏನ್ ಬಸಪ್ಪಣ್ಣ, ನೀರು ಬಂದಾವೇನು?’ ಎಂದು ಹನುಮಂತನು ಕೇಳಿದನು. ‘ಇಲ್ಲೋ ತಮ್ಮಾ, ಇನ್ನೂ ಬಂದಿಲ್ಲ’ ಎಂದು ಬಸಪ್ಪ ನಿರಾಶೆಯಿಂದ ಉತ್ತರಿಸಿದನು.”

ಇದನ್ನು ಹೀಗೆ ಮಾಡಬಹುದು:

“ಬಸಪ್ಪ ದಂಡೆಯ ಮೇಲೆ ನಿಂತಿದ್ದ. ಕಾಲುವೆಯ ತಳದ ಮಣ್ಣು ಬಿರುಕು ಬಿಟ್ಟಿತ್ತು. ‘ನೀರು ಬಂದಾವೇನಣ್ಣ?’ ಹನುಮಂತ ಕೇಳಿದ. ಬಸಪ್ಪ ಒಂದು ಹೆಂಟೆ ಎತ್ತಿ ಕಾಲುವೆಯೊಳಗೆ ಒಗೆದ.”

44 ಪದ 19ಕ್ಕೆ ಇಳಿದಿದೆ. ಹೋದದ್ದು ಏನು? ಮೂರು ಸಲ ಬಂದಿದ್ದ ‘ಕಾಲುವೆ’ಯಲ್ಲಿ ಒಂದು, ದುಃಖದ ಘೋಷಣೆ, ಗೊತ್ತಿರುವ ಉತ್ತರ, ಮಾತಿನ ಹಿಂದೆ ಅಂಟಿದ ‘ನಿರಾಶೆಯಿಂದ’. ಆಡುಮಾತು ಮಾತ್ರ ಉಳಿಯಿತು. ಪುಟ ಇಳಿಸುವ ನೆಪದಲ್ಲಿ ‘ಬಂದಾವೇನು’ ಎಂಬುದನ್ನು ‘ಬಂದಿದೆಯೇ’ ಮಾಡಬೇಡಿ. ಅದರಿಂದ ಉಳಿಯುವ ಜಾಗ ಸೊನ್ನೆ, ಕಳೆದುಕೊಳ್ಳುವುದು ಊರನ್ನೇ. ಆಡುಮಾತು ಬರೆದು, ಬೆಂಗಳೂರಿನವರಿಗೆ ತಿಳಿಯದೆಂದು ಮುಂದಿನ ಸಾಲಿನಲ್ಲಿ ಅದನ್ನೇ ಗ್ರಾಂಥಿಕದಲ್ಲಿ ಮತ್ತೆ ಹೇಳುವವರೂ ಇದ್ದಾರೆ. ಆ ಎರಡನೇ ಸಾಲಿಗೆ ಧೈರ್ಯವಾಗಿ ಗೀಟು ಎಳೆಯಿರಿ.

ಕಡಿಮೆಯಾದರೆ?

25 ಸಾವಿರ ಪದಕ್ಕೇ ಕಥೆ ಮುಗಿದಿದ್ದರೆ ಜಾತ್ರೆ, ಮದುವೆ, ಕನಸು ಸೇರಿಸಿ ಉಬ್ಬಿಸಬೇಡಿ. ಕಿರುಕಾದಂಬರಿ ಎಂದೇ ಕೊಡಿ, ಅಥವಾ ಅದರ ಜೊತೆ ಎರಡು ನೀಳ್ಗತೆ ಇಟ್ಟು ಒಂದು ಸಂಕಲನ ಮಾಡಿ. ದಪ್ಪ ಪ್ರತಿಯನ್ನು ಎರಡು ಭಾಗ ಮಾಡುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಹೊಸ ಲೇಖಕರ ಎರಡನೇ ಭಾಗಕ್ಕೆ ದುಡ್ಡು ಹಾಕುವ ಪ್ರಕಾಶಕರು ಅಪರೂಪ.

ಕಳಿಸುವಾಗ

ಕಳಿಸುವ ಮೊದಲು ಆ ಪ್ರಕಾಶಕರು ಇತ್ತೀಚೆಗೆ ತಂದ ನಾಲ್ಕೈದು ಕಾದಂಬರಿಗಳ ಪುಟಸಂಖ್ಯೆ ನೋಡಿಕೊಳ್ಳಿ. ಅವರಿಗೆ ಎಷ್ಟು ದಪ್ಪದ್ದು ಒಗ್ಗುತ್ತದೆ ಎಂಬುದಕ್ಕೆ ಅದೇ ಉತ್ತರ. ಹಳೆಯ ಪುಸ್ತಕಗಳಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದರೆ ಆಯಿತು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಹಾಕುವುದಾದರೆ ಆ ವರ್ಷದ ಪ್ರಕಟಣೆಯ ನಿಯಮಗಳನ್ನು ಪೂರ್ತಿ ಓದಿ, ಪುಟದ ಮಿತಿ ಕೊಟ್ಟಿದ್ದರೆ ಅದನ್ನು ಮೀರಬೇಡಿ.

ಜೊತೆಗಿಡುವ ಪತ್ರ ಒಂದೇ ಪುಟ ಇರಲಿ. ಕಥೆ ನಾಲ್ಕು ಸಾಲಿನಲ್ಲಿ, ನಿಮ್ಮ ಬಗ್ಗೆ ಎರಡು ಸಾಲು, ಒಟ್ಟು ಪದ, ಡೆಮಿ 1/8ರಲ್ಲಿ ಅಂದಾಜು ಪುಟ ಎಷ್ಟೆಂದು ಬರೆಯಿರಿ. ಇಡೀ ಪ್ರತಿ ಬೇಕೋ, ಮೊದಲ ಮೂರು ಅಧ್ಯಾಯ ಸಾಕೋ ಎಂದು ಫೋನ್ ಮಾಡಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪುಟಸಂಖ್ಯೆ ಹಾಕಿ, ಒಂದು ಪ್ರತಿ ನಿಮ್ಮಲ್ಲಿ ಉಳಿಸಿಕೊಂಡೇ ಅಂಚೆಗೆ ಹಾಕಿ. ಉತ್ತರ ಬರುವವರೆಗೆ ‘ಮುಂದಕ್ಕೆ’ ಫೈಲ್ ತೆರೆದು ಕೂರಬಹುದು.