ಬೆಕ್ಕಿನ ಕಣ್ಣಿಗೆ ತೊಂದರೆಯೇ? ಒಂದರಲ್ಲೋ ಎರಡರಲ್ಲೋ ಮೊದಲು ನೋಡಿ

ನೋವಾದರೆ ನಾಯಿ ಕುಂಯ್‌ಗುಟ್ಟಿಕೊಂಡು ಕಾಲ ಬಳಿ ಬರುತ್ತದೆ. ಬೆಕ್ಕು ಮಂಚದಡಿ ಸೇರಿ ಮುದುಡಿಕೊಳ್ಳುತ್ತದೆ. ‘ಇವತ್ತು ಯಾಕೋ ಸುಮ್ಮನಿದೆ’ ಎಂದು ಮನೆಯವರಿಗೆ ಅನ್ನಿಸುವ ಹೊತ್ತಿಗೆ ಕಾಯಿಲೆ ಎಷ್ಟೋ ಮುಂದೆ ಹೋಗಿರುತ್ತದೆ. ಬೆಕ್ಕು ಅಷ್ಟಾಗಿ ಬಚ್ಚಿಡಲಾಗದ ಜಾಗ ಕಣ್ಣು. ಅಲ್ಲಿ ವ್ಯತ್ಯಾಸ ಕಂಡರೆ ಮೊದಲು ನೋಡಬೇಕಾದ್ದು, ಅದು ಒಂದು ಕಣ್ಣಲ್ಲಿದೆಯೋ ಎರಡರಲ್ಲೋ ಎಂದು. ಒಂದೇ ಆದರೆ ಸಾಮಾನ್ಯವಾಗಿ ಪರಚಿದ ಗಾಯ, ಕಸ, ಹುಲ್ಲಿನ ಚೂರು. ಎರಡೂ ಆದರೆ ಕಾರಣವನ್ನು ಮೈಯೊಳಗೂ ಹುಡುಕಬೇಕು. ಬೆಕ್ಕಿನ ಶೀತದ ವೈರಸ್ ಒಂದೇ ಕಣ್ಣಲ್ಲಿ ಶುರುವಾಗುವುದೂ ಉಂಟು. ಆದರೂ ಹುಡುಕಾಟ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ವಾರಕ್ಕೊಮ್ಮೆ ನೋಡಿದರೆ ಸಾಕು. ಹಗಲು, ಕಿಟಕಿಯ ಹತ್ತಿರ. ಬೆಕ್ಕಿನ ಬೆನ್ನು ನಿಮ್ಮ ಕಡೆಗಿರುವಂತೆ ತೊಡೆಯ ಮೇಲೆ ಕೂರಿಸಿ, ಗಲ್ಲದ ಕೆಳಗೆ ಕೈಯಿಡಿ. ಮುಟ್ಟುವ ಮೊದಲೇ ಎರಡೂ ಕಣ್ಣು ಒಂದೇ ಸಮ ತೆರೆದಿವೆಯೇ, ಪಾಪೆಗಳು ಒಂದೇ ಗಾತ್ರದವೇ ಗಮನಿಸಿ. ಆಮೇಲೆ ಹೆಬ್ಬೆರಳಿನಿಂದ ಕೆಳರೆಪ್ಪೆ ಮೆಲ್ಲಗೆ ಎಳೆಯಿರಿ. ಒಳಗೆ ತಿಳಿಗುಲಾಬಿ ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು, ಕೆಂಪಗೆ ಉಬ್ಬಿದ್ದರೆ ಉರಿಯೂತ, ಹಳದಿಯಾದರೆ ಕಾಮಾಲೆ. ಹಳದಿಯ ಅನುಮಾನ ಬಂದರೆ ಕಿವಿಯ ಒಳಭಾಗವನ್ನೂ ಒಸಡನ್ನೂ ನೋಡಿ. ದಪ್ಪ ಬೆಕ್ಕು ಎರಡು ಮೂರು ದಿನ ಅನ್ನ ಮುಟ್ಟದಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ಕಾಮಾಲೆ ಬರಬಹುದು. ಹಾಗಾಗಿ ‘ಹಸಿವಾದಾಗ ತಿನ್ನುತ್ತೆ ಬಿಡಿ’ ಎಂಬ ಮಾತು ಬೆಕ್ಕಿಗೆ ಸಲ್ಲದು.

ಟಾರ್ಚ್ ಪರೀಕ್ಷೆಗೆ ಕೋಣೆಯ ದೀಪ ಆರಿಸಿ ಒಂದೆರಡು ನಿಮಿಷ ಬಿಡಿ. ಒಂದು ಮೊಳ ದೂರದಿಂದ ಎರಡು ಸೆಕೆಂಡು ಬೆಳಕು ಹಾಯಿಸಿದರೆ ಪಾಪೆ ಕುಗ್ಗಬೇಕು, ಆಚೆ ಕಣ್ಣಿನದೂ ಜೊತೆಗೇ ಕುಗ್ಗಬೇಕು. ದೃಷ್ಟಿ ಇದೆಯೇ ಎಂದು ತಿಳಿಯಲು ಮುಖದ ಮುಂದೆ ಕೈ ಬೀಸಬೇಡಿ. ಗಾಳಿ ಮೀಸೆಗೆ ತಾಗಿ ಕುರುಡು ಬೆಕ್ಕೂ ರೆಪ್ಪೆ ಬಡಿಯುತ್ತದೆ. ಅದರ ಬದಲು ಹತ್ತಿಯ ಉಂಡೆಯೊಂದನ್ನು ಮೇಲಿಂದ ಬಿಡಿ. ಸದ್ದಿಲ್ಲದೆ ಬೀಳುವುದನ್ನು ಕಣ್ಣು ಹಿಂಬಾಲಿಸುತ್ತದೆಯೇ ನೋಡಿ. ಕಣ್ಣು ಕಾಣದ ಬೆಕ್ಕು ಪರಿಚಿತ ಮನೆಯಲ್ಲಿ ಎಲ್ಲಿಗೂ ತಾಗದೆ ಓಡಾಡಿಕೊಂಡಿರುತ್ತದೆ. ಕುರ್ಚಿ ಜರುಗಿಸಿದ ದಿನ ಗುಟ್ಟು ಹೊರಬೀಳುತ್ತದೆ.

ಮೂಗಿನ ಕಡೆಯ ಮೂಲೆಯಿಂದ ಬಿಳಿ ಪೊರೆಯೊಂದು ಅಡ್ಡ ಬಂದಂತೆ ಕಾಣುವುದು ಮೂರನೇ ರೆಪ್ಪೆ. ತೂಕಡಿಸುವಾಗ ಕಂಡರೆ ಚಿಂತೆಯಿಲ್ಲ. ಎಚ್ಚರವಿರುವಾಗಲೂ ಎರಡೂ ಕಣ್ಣಲ್ಲಿ ಕಂಡರೆ ಮೈಯಲ್ಲಿ ನೀರು ಬತ್ತಿದೆ, ತೂಕ ಇಳಿದಿದೆ, ಜ್ವರವಿದೆ ಅಥವಾ ಹುಳು, ಭೇದಿಯ ತೊಂದರೆಯಿದೆ ಎಂದು ಊಹಿಸಿ, ವೈದ್ಯರ ಬಳಿಗೆ ಹೋಗುವಾಗ ಮಲದ ಮಾದರಿಯನ್ನೂ ಒಯ್ಯಿರಿ. ಒಂದೇ ಕಡೆ ಪೊರೆ ಕಂಡು, ಅದೇ ಕಡೆಯ ಪಾಪೆ ಕಿರಿದಾಗಿ, ಮೇಲ್ರೆಪ್ಪೆ ಜೋತಿದ್ದರೆ ಅದು ನರದ ದೋಷ. ಕಿವಿಯೊಳಗಿನ ಸೋಂಕಿನಿಂದಲೂ ಹೀಗಾಗುತ್ತದೆ.

ಕಣ್ಣು ಕಿರಿದು ಮಾಡಿಕೊಂಡು ನೀರು ಸುರಿಸುತ್ತಿದ್ದರೆ ಅದು ನೋವು. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮನೆಯಲ್ಲಿ ಉಳಿದಿದ್ದ ಡ್ರಾಪ್ಸ್ ಹಾಕುತ್ತಾರೆ, ಅದರಲ್ಲಿ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಇರುತ್ತದೆ. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಹುಣ್ಣಿದ್ದರೆ ಈ ಸ್ಟೀರಾಯ್ಡ್ ಗಾಯ ಮಾಯಲು ಬಿಡುವುದಿಲ್ಲ. ಹುಣ್ಣು ಆಳವಾಗಿ ಕೊನೆಗೆ ಕಣ್ಣೇ ತೂತಾಗಬಹುದು. ವೈದ್ಯರು ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದಾಗ ಹುಣ್ಣು ಹಸಿರಾಗಿ ಹೊಳೆಯುತ್ತದೆ. ಅದಾಗುವವರೆಗೆ ಯಾವ ಡ್ರಾಪ್ಸೂ ಬೇಡ. ಅರಿಶಿನ, ಜೇನು, ಹರಳೆಣ್ಣೆ, ಎದೆಹಾಲು ಇವೂ ಬೇಡ. ಗೀಜು ಕಟ್ಟಿದ್ದರೆ ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್‌ನಲ್ಲಿ ಹತ್ತಿ ನೆನೆಸಿ ಅರ್ಧ ನಿಮಿಷ ಒತ್ತಿಡಿ. ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ. ನಾಯಿಗೆ ತಂದ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಉಳಿದಿದೆಯೆಂದು ಬೆಕ್ಕಿಗೆ ಕೊಟ್ಟುಬಿಡಬೇಡಿ, ಪ್ರಮಾಣ ಮೀರಿದರೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಹಾಳಾಗಿ ಕುರುಡಾಗಬಹುದು. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷವೇ.

ಹತ್ತು ವರ್ಷ ದಾಟಿದ ಬೆಕ್ಕಿನ ಎರಡೂ ಪಾಪೆಗಳು ಹಗಲಲ್ಲೂ ದೊಡ್ಡದಾಗಿಯೇ ಉಳಿದಿದ್ದರೆ ನಾಳೆ ನೋಡೋಣ ಎನ್ನಬೇಡಿ. ಬಿಪಿ ಏರಿ ರೆಟಿನಾ ಕಳಚಿರಬಹುದು. ಹಿಂದೆ ಸಾಮಾನ್ಯವಾಗಿ ಮೂತ್ರಪಿಂಡದ ಕಾಯಿಲೆಯೋ ಥೈರಾಯ್ಡೋ ಇರುತ್ತದೆ. ಬೇಗ ಔಷಧಿ ಬಿದ್ದರೆ ಸ್ವಲ್ಪವಾದರೂ ದೃಷ್ಟಿ ಮರಳುವ ಸಾಧ್ಯತೆಯಿದೆ. ಕ್ಲಿನಿಕ್ಕಿನಲ್ಲಿ ಹೆದರಿಕೆಗೇ ಬಿಪಿ ಏರುತ್ತದೆ. ಆದ್ದರಿಂದ ಐದು ಹತ್ತು ನಿಮಿಷ ಸುಮ್ಮನೆ ಕೂರಿಸಿ, ರಕ್ತ ತೆಗೆಯುವ ಮೊದಲೇ ಅಳೆಯಲು ಹೇಳಿ. ಮೊದಲ ಅಳತೆ ಬಿಟ್ಟು ಉಳಿದವುಗಳ ಸರಾಸರಿ (ಬಿಪಿಯ ಮೇಲಿನ ಅಂಕಿ) 160 ದಾಟಿದರೆ ಎಚ್ಚರ, 180 ದಾಟಿದರೆ ಅಪಾಯ.

ಈ ಮೂತ್ರಪಿಂಡದ ಕಾಯಿಲೆ ಕಣ್ಣಿಗೆ ಬರುವ ಮೊದಲೇ ನೀರಿನ ಬಟ್ಟಲಲ್ಲಿ ಸುಳಿವು ಕೊಡುತ್ತದೆ. ಅಳೆದು ನೀರಿಡಿ, 24 ಗಂಟೆಯ ನಂತರ ಉಳಿದದ್ದನ್ನು ಅಳೆಯಿರಿ. 4 ಕೆಜಿ ಬೆಕ್ಕು 200 ಮಿಲಿ ದಾಟಿದರೆ ಅನುಮಾನ, 400 ದಾಟಿದರೆ ಏನೋ ಕಾಯಿಲೆ ಇರುವುದರಲ್ಲಿ ಅನುಮಾನವೇ ಬೇಡ. ತಿಂಗಳಿಗೊಮ್ಮೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ, ಲಗೇಜ್ ತೂಗುವ ಕೊಕ್ಕೆ ಸ್ಕೇಲಿಗೆ ನೇತುಹಾಕಿ ತೂಗಿ, ಚೀಲದ ತೂಕ ಕಳೆಯಿರಿ. ಕೂದಲ ಕೆಳಗೆ 400 ಗ್ರಾಂ ಇಳಿದಿದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಮೈತೂಕದ ಹತ್ತನೇ ಒಂದು ಭಾಗ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ಮೀರಬಾರದು.

ಇನ್ನು ಊಟ. ಹಾಲನ್ನ, ಮೊಸರನ್ನದಲ್ಲೇ ಬೆಳೆಯುವ ಬೆಕ್ಕಿಗೆ ಟಾರಿನ್ ಎಂಬ, ಮಾಂಸದಲ್ಲಿರುವ ಪೋಷಕಾಂಶ ಸಾಕಷ್ಟು ಸಿಗುವುದಿಲ್ಲ. ಅದಿಲ್ಲದೆ ರೆಟಿನಾ ಸವೆಯುತ್ತದೆಂದು 1975ರಲ್ಲಿ, ಹೃದಯ ಹಿಗ್ಗುತ್ತದೆಂದು 1987ರಲ್ಲಿ ಗೊತ್ತಾಯಿತು. ಹಳ್ಳಿಯ ಬೆಕ್ಕು ಇಲಿ ಹಿಡಿದು ತಾನೇ ಸರಿಮಾಡಿಕೊಳ್ಳುತ್ತದೆ, ಫ್ಲಾಟಿನ ಬೆಕ್ಕಿಗೆ ಆ ದಾರಿಯಿಲ್ಲ. ನಾಯಿಯ ಆಹಾರವೂ ಇದಕ್ಕೆ ಸಾಲದು.

ಬೆಕ್ಕಿನ ಮುಖ ನೋಡಿಯೇ ನೋವನ್ನು ಅಳೆಯಲು ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಮಾಪಕ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ, ಒಂದೊಂದಕ್ಕೆ 0ರಿಂದ 2 ಅಂಕ. ಒಟ್ಟು 10ರಲ್ಲಿ 4 ಬಂದರೆ ನೋವಿಗೆ ಚಿಕಿತ್ಸೆ ಬೇಕೆಂದು ಲೆಕ್ಕ. ಆರೋಗ್ಯವಾಗಿರುವಾಗಲೇ ಎದುರಿನಿಂದ ಮುಖದ ಫೋಟೊ ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ‘ಪಾಪೆ ಮೊದಲಿಂದಲೂ ಹೀಗೇ ಇತ್ತಾ?’ ಎಂದು ವೈದ್ಯರು ಕೇಳಿದಾಗ ತೋರಿಸಲು ಬೇಕಾಗುತ್ತದೆ.