ಜನವರಿ ಒಂದರಿಂದ ಶಿವರಾತ್ರಿವರೆಗೆ: ನನ್ನ ಎಂಟು ವಾರದ ನಡಿಗೆ

2025ರ ಜನವರಿ 1 ಬುಧವಾರ. ಆ ವರ್ಷದ ಶಿವರಾತ್ರಿ ಫೆಬ್ರುವರಿ 26, ಅದೂ ಬುಧವಾರ. ನಡುವೆ ಸರಿಯಾಗಿ ಎಂಟು ವಾರ. ಹೊಸ ಕ್ಯಾಲೆಂಡರ್ ಗೋಡೆಗೆ ಹಾಕುವಾಗ ಇದು ಕಣ್ಣಿಗೆ ಬಿತ್ತು. ಹಾಸನದಿಂದ ಧರ್ಮಸ್ಥಳಕ್ಕೆ ನಡೆದೇ ಹೋಗಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅದಕ್ಕೆ ಮುಂಚೆ ಎರಡು ವರ್ಷ "ದಿನಾ ಹತ್ತು ಸಾವಿರ ಹೆಜ್ಜೆ" ಅಂತ ಶುರು ಮಾಡಿ ಸಂಕ್ರಾಂತಿ ಹೊತ್ತಿಗೆ ಬಿಟ್ಟಿದ್ದೆ. ಆ ಹತ್ತು ಸಾವಿರದ ಲೆಕ್ಕ ಬಳಕೆಗೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟವಾದ, ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರಿನಿಂದ. ಲೆಕ್ಕ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಹೋಗಿ ಮುಟ್ಟಬೇಕಾದ ಊರು ಯಾವುದೂ ಇರಲಿಲ್ಲ. ಈ ಸಲ ಊರೂ ಇತ್ತು, ತಾರೀಕೂ ಇತ್ತು.

ನಮ್ಮ ಬೀದಿಯಲ್ಲಿ ವರ್ಷವರ್ಷವೂ ಪಾದಯಾತ್ರೆ ಹೋಗುವ ಅಣ್ಣ ಒಬ್ಬರಿದ್ದಾರೆ. ಅವರನ್ನು ಕೇಳಿದೆ. "ಒಂದಿನ ನಲ್ವತ್ತು ಕಿಲೋಮೀಟರ್ ಯಾರ್ ಬೇಕಾದ್ರೂ ನಡೀತಾರೆ ತಮ್ಮ. ಮಾರನೇ ದಿನ ಬೆಳಿಗ್ಗೆ ಎದ್ದು ಮತ್ತೆ ಶೂ ಹಾಕ್ಕೋಬೇಕಲ್ಲ, ಅದನ್ನ ಅಭ್ಯಾಸ ಮಾಡು" ಅಂದರು. ನನ್ನ ತಯಾರಿಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು.

ಮೊದಲ ಎರಡು ವಾರ ಬೆಳಿಗ್ಗೆ ಐದಕ್ಕೆ ಎದ್ದು ಐದೈದು ಕಿಲೋಮೀಟರ್ ನಡೆದೆ. ಮಹಾರಾಜ ಪಾರ್ಕಿಗೆ ಹೋಗಿ ಬರೋದು, ಅಷ್ಟೇ. ಮೂರನೇ ವಾರ ಹುಮ್ಮಸ್ಸಿನಲ್ಲಿ ಒಮ್ಮೆಲೇ ಹನ್ನೆರಡಕ್ಕೆ ಏರಿಸಿದೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ನೋವು ಹಿಡಿಯಿತು. ಮೆಟ್ಟಿಲು ಇಳಿಯೋಕೂ ಕಷ್ಟ. ಐದು ದಿನ ಪೂರ್ತಿ ಬಿಡುವು ಕೊಟ್ಟೆ. ಉಸಿರು ಬೇಗ ಪಳಗುತ್ತದೆ, ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು ನಿಧಾನ. ಉಸಿರು ಚೆನ್ನಾಗಿದೆ ಅಂತ ದೂರ ಏರಿಸಿದರೆ ಕಾಲು ಕೈಕೊಡುತ್ತದೆ.

ಆಮೇಲೆ ವಾರದ ದಿನಗಳಲ್ಲಿ ಸುಮ್ನೆ ಆರಾಮಾಗಿ ನಡೆದೆ. ದೂರವನ್ನೆಲ್ಲ ಶನಿವಾರ, ಭಾನುವಾರಕ್ಕೆ ಇಟ್ಟುಕೊಂಡೆ. ಎರಡೂ ದಿನ ಬೆನ್ನು ಬೆನ್ನಿಗೆ. ಆರನೇ ವಾರ ಶನಿವಾರ ಹಳೇಬೀಡಿನವರೆಗೆ ಸುಮಾರು ಮೂವತ್ತು ಕಿಲೋಮೀಟರ್ ನಡೆದು ಬಸ್ಸಿನಲ್ಲಿ ವಾಪಸ್ ಬಂದೆ. ಭಾನುವಾರ ಬೆಳಿಗ್ಗೆ ಮತ್ತೆ ಹದಿನೈದು. ಆ ಹದಿನೈದರಲ್ಲಿ ಮೊದಲ ಎರಡು ಕಿಲೋಮೀಟರ್ ಅಂಗಾಲು ನೆಲಕ್ಕೆ ಇಡೋಕಾಗಲಿಲ್ಲ. ಮೂರನೆಯದರಲ್ಲಿ ತಾನಾಗೇ ಸಡಿಲವಾಯ್ತು. ಹೀಗೆ ಆಗುತ್ತೆ ಅಂತ ಮೊದಲೇ ಗೊತ್ತಿದ್ದರೆ ದಾರಿಯಲ್ಲಿ ಎದೆಗುಂದೋದಿಲ್ಲ.

ಕೊನೆಯ ವಾರ ಹೆಚ್ಚು ನಡೆಯಲೇ ಇಲ್ಲ. ಅದು ಬೇಕೇ ಬೇಕು.

ಶೂ ಬಗ್ಗೆ ಹೇಳಲೇಬೇಕು. ಬಹಳ ಹೊತ್ತು ನಡೆದರೆ ಪಾದ ಊದುತ್ತದೆ. ಅದಕ್ಕೇ ಸಂಜೆ ಹೊತ್ತು ಹೋಗಿ, ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರುವಂಥದ್ದು ತಗೊಂಡೆ. ಹತ್ತಿ ಸಾಕ್ಸ್ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ. ಬೇಗ ಒಣಗುವ ಸಾಕ್ಸ್ ಮೂರು ಜೊತೆ ಇಟ್ಟುಕೊಂಡೆ. ತೊಡೆ ಸಂದಿಗೆ ಪ್ರತಿ ಬೆಳಿಗ್ಗೆ ವ್ಯಾಸಲೀನ್.

ಫೆಬ್ರುವರಿ 22, ಶನಿವಾರ, ಬೆಳಗಿನ ಜಾವ ಮೂರಕ್ಕೆ ಏಳು ಜನ ಹೊರಟೆವು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ. ಎದುರಿನಿಂದ ಬರುವ ಗಾಡಿ ಕಾಣಲಿ ಅಂತ ರಸ್ತೆಯ ಬಲಬದಿಗೇ ಒಬ್ಬರ ಹಿಂದೆ ಒಬ್ಬರು. ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಹನ್ನೊಂದು ಗಂಟೆಗೆ ನಿಲ್ಲಿಸಿ, ಬಿಸಿಲು ಇಳಿದ ಮೇಲೆ ಮತ್ತೆ ನಡಿಗೆ. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ ಕೊಡುತ್ತಿದ್ದರು. ಮಜ್ಜಿಗೆಯ ಉಪ್ಪು ಬೆವರಿನಲ್ಲಿ ಹೋದ ಉಪ್ಪನ್ನು ತುಂಬುತ್ತದೆ. ಬರೀ ನೀರು ಜಾಸ್ತಿ ಕುಡಿದರೆ ಸಾಲದು.

ಬೇಲೂರಿಗೆ ಇನ್ನೂ ಆರೇಳು ಕಿಲೋಮೀಟರ್ ಇರುವಾಗ ಎಡ ಹಿಮ್ಮಡಿಯಲ್ಲಿ ಬಿಸಿ ಬಿಸಿ ಅನ್ನಿಸಿತು. ಊರು ಮುಟ್ಟಿಯೇ ನೋಡೋಣ ಅಂದುಕೊಂಡೆ. ಅಣ್ಣ ನನ್ನ ನಡಿಗೆ ನೋಡಿಯೇ ಕಂಡುಹಿಡಿದರು. "ಕೂತ್ಕೊ, ಶೂ ಬಿಚ್ಚು." ಹಿಮ್ಮಡಿ ಕೆಂಪಗಾಗಿತ್ತು, ಬೊಬ್ಬೆ ಇನ್ನೂ ಎದ್ದಿರಲಿಲ್ಲ. ಕಾಲು ಒರೆಸಿ, ಗಾಳಿಗೆ ಒಣಗಿಸಿ, ಸುಕ್ಕು ಬಾರದ ಹಾಗೆ ಟೇಪ್ ಸುತ್ತಿದರು. ಸಾಕ್ಸ್ ಬದಲಾಯಿಸಿದೆ. ಹತ್ತು ನಿಮಿಷದ ಕೆಲಸ. ನಮ್ಮ ಜೊತೆಯ ಇನ್ನೊಬ್ಬರು ನಿಲ್ಲದೆ ನಡೆದರು. ರಾತ್ರಿ ಅವರ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ. ಸೂಜಿ ಕಾಯಿಸಿ, ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಕೀಳದೆ ಹಾಗೇ ಬಟ್ಟೆ ಕಟ್ಟಿದೆವು. ಸಕ್ಕರೆ ಕಾಯಿಲೆ ಇರುವವರು ಇದನ್ನು ತಾವಾಗಿ ಮಾಡಬಾರದು, ಡಾಕ್ಟರಿಗೇ ತೋರಿಸಬೇಕು.

ಮೂರನೇ ದಿನ ಬೇಕೆಂದೇ ಕೊಟ್ಟಿಗೆಹಾರದಲ್ಲಿ ಬೇಗ ನಿಂತೆವು. ಬಿಸಿ ನೀರುದೋಸೆ ತಿಂದು ಮಲಗಿದ್ದು. ಮಾರನೇ ದಿನ ಘಾಟಿ. ಎಲ್ಲರೂ ಹತ್ತೋದಕ್ಕೆ ಹೆದರುತ್ತಾರೆ, ಈ ದಾರಿಯಲ್ಲಿ ಇರೋದು ಇಳಿತ. ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಉಗುರು ಶೂ ತುದಿಗೆ ಬಡಿಯುತ್ತದೆ, ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯಬೇಕು. ಹಿಂದಿನ ರಾತ್ರಿಯೇ ಉಗುರು ಕತ್ತರಿಸಿ, ಹರಡಿನ ಹತ್ತಿರದ ಕೊನೆಯ ತೂತಿನವರೆಗೂ ಲೇಸ್ ಬಿಗಿದಿದ್ದೆ. ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಕೈಮುಗಿದು ನಿಂತಾಗ ಕಣಿವೆಯಿಂದ ಮಂಜು ಮೇಲೇರುತ್ತಿತ್ತು. ಕೆಳಗಿಳಿದಂತೆ ಕರಾವಳಿಯ ಸೆಕೆ ಮುಖಕ್ಕೆ ಹೊಡೆಯಿತು. ಮಲೆನಾಡಿನ ತಂಪಿನಲ್ಲಿ ಮೂರು ದಿನ ನಡೆದ ಮೈಗೆ ಅದೇ ಹೆಚ್ಚು ಸುಸ್ತು ಮಾಡಿತು.

ಬುಧವಾರ ನಸುಕಿನಲ್ಲಿ ಉಜಿರೆ ಬಿಟ್ಟೆವು. ನೇತ್ರಾವತಿಯಲ್ಲಿ ಕಾಲಿಟ್ಟಾಗ ಟೇಪ್ ಅಂಚು ಬಿಟ್ಟು ನೀರಿನಲ್ಲಿ ತೇಲಿತು. ಅದನ್ನು ಹಿಡಿದು ಜೇಬಿಗೆ ಹಾಕಿಕೊಂಡೆ. ಕೆಳಗಿನ ಚರ್ಮ ಹಾಗೇ ಇತ್ತು. ಆ ರಾತ್ರಿ ಸಾವಿರಾರು ಪಾದಯಾತ್ರಿಗಳ ನಡುವೆ ಕೂತು ಪಂಚಾಕ್ಷರಿ ಹೇಳುವಾಗ ನಿದ್ದೆ ಹತ್ತಿರ ಸುಳಿಯಲಿಲ್ಲ.

2026ರಲ್ಲಿ ಶಿವರಾತ್ರಿ ಫೆಬ್ರುವರಿ 15ಕ್ಕೇ ಬರುತ್ತೆ. ಜನವರಿ ಒಂದರಿಂದ ಎಣಿಸಿದರೆ ಆರೂವರೆ ವಾರ, ಸಾಲದು. ಅದಕ್ಕೇ ಡಿಸೆಂಬರಿನಲ್ಲೇ ಶುರು ಮಾಡಿದ್ದೇನೆ. ಈ ಸಲ ನನ್ನ ಹೆಂಡತಿಯೂ ಬರ್ತಾಳೆ. ಅವಳ ಶೂ ನಿನ್ನೆ ತಂದೆವು, ಸಂಜೆ ಏಳು ಗಂಟೆ ಮೇಲೆ ಹೋಗಿ.